ಪಟ್ಟಿ ಇದೆ, ಪರೀಕ್ಷೆ ಎಲ್ಲಿದೆ?

2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ವಿಮಾನ ಸುರಕ್ಷತೆ ಮನೆಮನೆಯ ಚರ್ಚೆಯಾಗಿದೆ. ಆ ದುರಂತದ ಕಾರಣ ಏನೇ ಇರಲಿ, ಸುರಕ್ಷತೆಯ ಮೊದಲ ಪಾಠ ಕಲಿಯಲು ಎಂಜಿನ್ನೇ ಇಲ್ಲದ ಗ್ಲೈಡರ್ ಒಳ್ಳೆಯ ಉದಾಹರಣೆ. ಪುಣೆಯ ಮಗರಪಟ್ಟದ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮವರಿಗೆ ಹಡಪ್ಸರ್ ಚಿರಪರಿಚಿತ. ಡಿಜಿಸಿಎ ಅಧೀನದ ಗ್ಲೈಡಿಂಗ್ ಕೇಂದ್ರ ಇರುವುದೂ ಅಲ್ಲೇ.

ಗ್ಲೈಡರನ್ನು ವಿಂಚ್ ಯಂತ್ರದ ಹಗ್ಗ ಎಳೆದಾಗ ಅದು ಒಂದು ನಿಮಿಷದೊಳಗೆ ಸಾವಿರ ಅಡಿಯ ಆಸುಪಾಸಿಗೆ ಏರುತ್ತದೆ. ಏರುವಾಗ ದೋಷ ಕಂಡರೆ ಯೋಚಿಸಲು ಸಮಯವಿಲ್ಲ. ಇಳಿಯುವಾಗ ತಪ್ಪಿದರೆ ಎಂಜಿನ್ ಬಲದಿಂದ ಮತ್ತೊಂದು ಸುತ್ತು ಹಾಕುವ ಅವಕಾಶವೂ ಇಲ್ಲ. ಆದ್ದರಿಂದ ತಪ್ಪನ್ನು ನೆಲದ ಮೇಲೆಯೇ ಹಿಡಿಯಬೇಕು.

ಇನ್ನೊಂದು ವಿಶೇಷವಿದೆ. ಗ್ಲೈಡರಿನ ರೆಕ್ಕೆ, ಬಾಲಗಳನ್ನು ಬಿಚ್ಚಿ ಟ್ರೇಲರಿನಲ್ಲಿ ಸಾಗಿಸಿ ಮತ್ತೆ ಜೋಡಿಸುತ್ತಾರೆ. ಹಳೆಯ ಮಾದರಿಗಳಲ್ಲಿ ನಿಯಂತ್ರಣದ ಸರಳುಗಳನ್ನೂ ಕೈಯಿಂದಲೇ ಜೋಡಿಸಿ ಪಿನ್ ಹಾಕಬೇಕು. ಅರೆಬರೆ ಕೂತ ಜೋಡಣೆಯೂ ನೆಲದ ಮೇಲೆ ಸರಿಯಾಗಿಯೇ ಅಲುಗಾಡಬಹುದು. ಅದಕ್ಕೇ ಕಣ್ಣಳತೆ ಸಾಲದು: ಒಬ್ಬರು ಒಳಗೆ ಕೋಲು ಆಡಿಸುವಾಗ, ಇನ್ನೊಬ್ಬರು ಹೊರಗೆ ರೆಕ್ಕೆ, ಬಾಲಗಳ ಚಲಿಸುವ ಭಾಗವನ್ನು ಕೈಯಲ್ಲಿ ಹಿಡಿದು ಒತ್ತಡ ಕೊಟ್ಟು ನೋಡುತ್ತಾರೆ. ಹಾರುವ ಮುನ್ನ ಬೆಲ್ಟ್, ಉಪಕರಣ, ಟ್ರಿಮ್, ಏರ್‌ಬ್ರೇಕ್, ಮೇಲಿನ ಗಾಜಿನ ಮುಚ್ಚಳ, ಒಂದೊಂದನ್ನೂ ಪರೀಕ್ಷಿಸುತ್ತಾರೆ. ಏರ್‌ಬ್ರೇಕ್ ಲಾಕ್ ಆಗದಿದ್ದರೆ ಏರುವಾಗ ಗಾಳಿಯ ಸೆಳೆತಕ್ಕೆ ತಾನಾಗಿ ತೆರೆದುಕೊಳ್ಳಬಹುದು.

ಇಷ್ಟೆಲ್ಲ ಗೊತ್ತಿದ್ದೂ ಪರೀಕ್ಷೆ ತಪ್ಪುವುದೇಕೆ? ದೊಡ್ಡ ವಿಮಾನಗಳ ಎರಡು ಘಟನೆಗಳಲ್ಲಿ ಉತ್ತರವಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಮೇಲೇರಿದೊಡನೆ ಬಿತ್ತು. ನಿಂತಾಗ ಗಾಳಿಗೆ ಅಲುಗದಂತೆ ಹಾಕುವ ಲಾಕನ್ನು ತೆಗೆದಿರಲಿಲ್ಲ. ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಂದದ್ದು ಆ ಬಳಿಕ. 2014ರ ಮೇ 31ರಂದು ಬಾಸ್ಟನ್ ಬಳಿಯ ಬೆಡ್‌ಫರ್ಡ್‌ನಲ್ಲಿ ಖಾಸಗಿ ಜೆಟ್ ಒಂದು ಅದೇ ಬಗೆಯ ಲಾಕ್ ತೆಗೆಯದೆ ಓಡಿ 7 ಜನ ಸತ್ತರು. ಆ ಪೈಲಟ್‌ಗಳು ಹಿಂದಿನ 175 ಹಾರಾಟಗಳಲ್ಲಿ ಶೇ 98ರಷ್ಟು ಬಾರಿ ನಿಯಂತ್ರಣಗಳ ಪೂರ್ಣ ಪರೀಕ್ಷೆಯನ್ನೇ ಮಾಡಿರಲಿಲ್ಲ ಎಂದು ತನಿಖೆ ಕಂಡುಕೊಂಡಿತು.

ಅವರಿಗೆ ಪಟ್ಟಿ ಗೊತ್ತಿತ್ತು, ಅನುಭವವೂ ಇತ್ತು. ಆದರೆ ಪ್ರತಿ ಬಾರಿ ಏನೂ ಆಗದೆ ಇಳಿದದ್ದೇ ಉಪೇಕ್ಷೆಗೆ ಪರವಾನಗಿಯಾಯಿತು. ಓದದೆ ಟಿಕ್ ಹಾಕಿ ಫಾರಂ ಮುಗಿಸುವ ನಮ್ಮ ಕಚೇರಿಗಳ ಅಭ್ಯಾಸವೂ ಬೇರೆಯಲ್ಲ.

ಹೀಗಿರುವಾಗ ಪೈಲಟ್ ಒಬ್ಬರ ಶಿಸ್ತನ್ನೇ ನಂಬಿ ಕೂರುವುದು ಸಾಲದು. ಪರೀಕ್ಷೆ ಮಧ್ಯೆ ತಡೆದರೆ ಮೊದಲಿನಿಂದ ಆರಂಭಿಸಬೇಕು. ಜೋಡಣೆಯನ್ನು ಎರಡನೆಯವರು ಸ್ವತಂತ್ರವಾಗಿ ನೋಡಬೇಕು. ರೆಕ್ಕೆಯ ತುದಿ ಹಿಡಿದು ನಿಂತ ಹೊಸಬ ವಿದ್ಯಾರ್ಥಿಗೂ ‘ನಿಲ್ಲಿಸಿ’ ಎನ್ನುವ ಅಧಿಕಾರವಿರಬೇಕು, ಅದಕ್ಕಾಗಿ ಅವನನ್ನು ಯಾರೂ ಗದರಬಾರದು.

ಗ್ಲೈಡರಿನಲ್ಲಿ ಹಾರುವ ಅವಕಾಶ ನಿಮಗೆ ಸಿಕ್ಕರೆ, ಪೈಲಟ್ ಪರೀಕ್ಷೆ ಮಾಡುವಾಗ ಮಾತಿಗೆಳೆಯಬೇಡಿ, ಸೆಲ್ಫಿಗೆ ಕರೆಯಬೇಡಿ. ತಡವಾಯಿತೆಂದು ಗೊಣಗಲೂ ಬೇಡಿ. ಆ ಕೆಲವು ನಿಮಿಷಗಳ ಮೇಲೆ ಇಬ್ಬರ ಜೀವವೂ ನಿಂತಿರುತ್ತದೆ.