ಎಮ್ಮೆ ಹಾಲಿನ ಚೀಸಿಗೆ ಇಷ್ಟೇಕೆ ಬಿಂಕ?

ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಈಗ ಊಟಕ್ಕೆ ಮುಂಚಿನ ತಿನಿಸುಗಳ ಸಾಲಿಗೆ ‘ಕಾಪ್ರೇಸೆ’ ಅಂತ ಒಂದು ಹೆಸರು ಸೇರಿಕೊಂಡಿದೆ. ಬಿಲ್ಲು ನೋಡಿದವರು ಇದೇನೋ ಮಹಾ ವಿದ್ಯೆ ಅಂದುಕೊಳ್ಳಬೇಕು. ವಿದ್ಯೆ ಏನೂ ಇಲ್ಲ ಸ್ವಾಮಿ. ಇಟಲಿಯ ಕಾಪ್ರಿ ದ್ವೀಪದ ಹೆಸರು ಹೊತ್ತ ಈ ತಟ್ಟೆಯಲ್ಲಿರೋದು ಹಸಿ ಮೊಜರೆಲ್ಲಾ ಚೀಸಿನ ಹೋಳು, ಟೊಮ್ಯಾಟೊ ಹೋಳು, ನಮ್ಮ ತುಳಸಿಯ ದಾಯಾದಿಯಾದ ಬೇಸಿಲ್ ಎಲೆ, ಚೂರು ಉಪ್ಪು, ಆಲಿವ್ ಎಣ್ಣೆ. ಒಲೆ ಹಚ್ಚುವ ಕೆಲಸವೇ ಇಲ್ಲ.

ಒಲೆ ಇಲ್ಲದ ಅಡುಗೆಯಲ್ಲಿ ಸಾಮಾನು ಕೆಟ್ಟರೆ ಮುಚ್ಚಿಹಾಕಲು ಮಸಾಲೆಯೂ ಇರುವುದಿಲ್ಲ. ನೇಪಲ್ಸ್ ಸುತ್ತಿನ ಕಂಪಾನಿಯಾ ಸೀಮೆಯಲ್ಲಿ ಈ ಚೀಸು ಎಮ್ಮೆ ಹಾಲಿನದು. ಹೆಪ್ಪಾದ ಹಾಲಿನ ಗಡ್ಡೆಯನ್ನು ಕೈ ಸುಡುವಂಥ ಬಿಸಿನೀರಿನಲ್ಲಿ ಹಾಕಿ, ಎಳೆ ಎಳೆಯಾಗಿ ಎಳೆದು, ಚಿವುಟಿ ಉಂಡೆ ಮಾಡುತ್ತಾರೆ. ಹಾಗೆ ಚಿವುಟಿ ಕತ್ತರಿಸುವುದರಿಂದಲೇ ಮೊಜರೆಲ್ಲಾ ಅನ್ನೋ ಹೆಸರು. ಉಂಡೆ ಉಪ್ಪುನೀರಿನಲ್ಲೇ ಇರಬೇಕು, ಒಂದೆರಡು ದಿನದಲ್ಲಿ ಖರ್ಚಾಗಬೇಕು, ಕೊಯ್ದರೆ ಹಾಲು ಜಿನುಗಬೇಕು. ಬಡಿಸುವ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಟ್ಟರಾಯಿತು.

ನಮ್ಮಲ್ಲಿ ಬಹಳ ಕಡೆ ಬರುವುದೇ ಬೇರೆ. ಪಿಜ್ಜಾ ಮೇಲೆ ಕರಗಿಸಲು ಮಾಡಿದ ರಬ್ಬರಿನಂಥ ಒಣ ಚೀಸು, ಐಸಿನಷ್ಟು ತಣ್ಣಗೆ. ಅದರ ಮೇಲೆ ಕಪ್ಪು ಸಿಹಿ ವಿನಿಗರಿನ ರಂಗೋಲಿ. ಇನ್ನು ಕೆಲವರು ವಿಮಾನದಲ್ಲಿ ಬಂದ ಮಾಲು ಅಂತ ಜಂಬ ಕೊಚ್ಚುತ್ತಾರೆ. ತಾಜಾತನವೇ ಬಂಡವಾಳವಾದ ವಸ್ತುವಿಗೆ ವಿಮಾನದ ಬಾಡಿಗೆ ಗಿರಾಕಿ ಯಾಕೆ ಕಟ್ಟಬೇಕು? ಬೆಂಗಳೂರಿನಲ್ಲೇ ವಲ್ಲೊಂಬ್ರೊಸಾ ಮಠದ ಕ್ರೈಸ್ತ ಸನ್ಯಾಸಿಗಳು ಇಟಲಿ ಪದ್ಧತಿಯ ಹಸಿ ಚೀಸು ಮಾಡಿ ಮಾರಿದ್ದಾರೆ. ಎಮ್ಮೆ ಹಾಲಿನ ಗುಣವನ್ನಂತೂ ಧಾರವಾಡ ಪೇಡ ತಿಂದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು ಹೋಟೆಲಿನವರು ಬಾಯಿ ಬಿಟ್ಟು ಹೇಳುವುದಿಲ್ಲ. 1996ರಿಂದ ಐರೋಪ್ಯ ಕಾನೂನಿನ ರಕ್ಷಣೆ ಇರುವ ಕಂಪಾನಿಯಾದ ಅಸಲಿ ಎಮ್ಮೆ ಮೊಜರೆಲ್ಲಾಕ್ಕೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ನಿಯಮವೇ ಹಾಗಿದೆ. ಪ್ರಾಣಿಮೂಲವಲ್ಲದ ರೆನ್ನೆಟ್ ಹಾಕಿ ಮಾಡಿದ ಚೀಸೂ ನಮ್ಮ ದೇಶದಲ್ಲಿ ಸಿಗುತ್ತದೆ, ಪೊಟ್ಟಣದ ಮೇಲೆ ಹಸಿರು ಗುರುತು ಇರುತ್ತದೆ. ತಿನ್ನುವವರು ತಿನ್ನಲಿ, ಬೇಡ ಅನ್ನುವವರು ಬಿಡಲಿ. ಆದರೆ ಸಸ್ಯಾಹಾರಿ ಪಟ್ಟಿಯಲ್ಲಿ ಕಾಪ್ರೇಸೆ ಸೇರಿಸಿದ ಮಾಲೀಕರು ಪೊಟ್ಟಣದ ಮೇಲಿನ ಅಕ್ಷರ ಓದಿದ್ದಾರೆಯೇ? ಓದಿಲ್ಲದಿದ್ದರೆ ಇವತ್ತು ರಾತ್ರಿ ಗಿರಾಕಿಗಳು ಬರುವ ಮುಂಚೆ ಓದಲಿ.