ಬೋರ್ಡು ಹಲವು, ಜಗಲಿ ಒಂದೇ

ಪಕ್ಷಗಳನ್ನು ಎಣಿಸಿ, "ನೋಡಿ, ಪ್ರಜಾಸತ್ತೆ ಬಂದಿದೆ" ಎನ್ನುವವರು ಪೋಲೆಂಡ್ ದೇಶದ ಕಥೆಯನ್ನೊಮ್ಮೆ ಕೇಳಬೇಕು. ಕಮ್ಯುನಿಸ್ಟರು ಆಳಿದ ಕಾಲದಲ್ಲೂ ಅಲ್ಲಿ ಹೆಸರಿಗೆ ಮೂರು ಪಕ್ಷಗಳಿದ್ದವು. ಆಳುವ ಪಕ್ಷದ ಜೊತೆಗೆ ರೈತರ ಹೆಸರಿನದೊಂದು, ಡೆಮಾಕ್ರಟಿಕ್ ಎಂಬುದಿನ್ನೊಂದು. ಅವಕ್ಕೂ ಕಚೇರಿಯಿತ್ತು, ಸಂಸತ್ತಿನಲ್ಲಿ ಕುರ್ಚಿಯಿತ್ತು. ಒಡೆಯನಿಗೆ "ಆಗದು" ಎನ್ನುವ ನಾಲಗೆ ಮಾತ್ರ ಇರಲಿಲ್ಲ. 1989ರ ಜೂನ್ ಚುನಾವಣೆಯಲ್ಲಿ ಕಾರ್ಮಿಕರ ಸಾಲಿಡಾರಿಟಿ ಸಂಘಟನೆ ಗೆದ್ದ ಮೇಲೆ, ಆಗಸ್ಟಿನಲ್ಲಿ ಈ ಎರಡು ಬಾಲಂಗೋಚಿಗಳೂ ಒಡೆಯನ ಕೈಬಿಟ್ಟವು. ಸಾಲಿಡಾರಿಟಿಯ ಮಜೋವಿಯೆಟ್ಸ್ಕಿ ಪ್ರಧಾನಿಯಾದರು. ಆ ದೇಶಕ್ಕೆ ಬಹುಪಕ್ಷ ಪದ್ಧತಿ ಬಂದದ್ದು ಅಂದು.

ಇದೇ ಕೊಳಗದಿಂದ ನಮ್ಮ ಸೊರಬ, ಶಿಕಾರಿಪುರಗಳನ್ನೂ ಅಳೆಯೋಣ. ಇಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಎಂದೂ ಇರಲಿಲ್ಲ. ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ಸಿನ ಏಕಚಕ್ರಾಧಿಪತ್ಯ. 1983ರಲ್ಲಿ ಜನ ಅದನ್ನು ಮತದಿಂದಲೇ ಮುರಿದರು. ಮುರಿದ ಮೇಲೆ ಬಂದದ್ದೇನು?

ಸೊರಬದಿಂದ 1967ರಲ್ಲಿ ಸಮಾಜವಾದಿಯಾಗಿ ಗೆದ್ದ ಬಂಗಾರಪ್ಪನವರು ಆಮೇಲೆ ಹಲವು ಪಕ್ಷಗಳನ್ನು ದಾಟಿದರು, ಕೆಲವನ್ನು ತಾವೇ ಕಟ್ಟಿದರು. ಮುಂದೆ ಅವರ ಮಕ್ಕಳಿಬ್ಬರು ಎದುರುಬದುರು ನಿಂತರು. 2013ರಲ್ಲಿ ಮಧು ಜಾತ್ಯತೀತ ಜನತಾದಳದಿಂದ, 2018ರಲ್ಲಿ ಕುಮಾರ್ ಬಿ.ಜೆ.ಪಿ.ಯಿಂದ, 2023ರಲ್ಲಿ ಮತ್ತೆ ಮಧು ಕಾಂಗ್ರೆಸ್ಸಿನಿಂದ ಗೆದ್ದರು. ಮೂರು ಚುನಾವಣೆ, ಮೂರು ಪಕ್ಷ, ಒಂದು ಮನೆ!

ಶಿಕಾರಿಪುರದಲ್ಲಿ ಯಡಿಯೂರಪ್ಪನವರು 1983ರಲ್ಲಿ ಮೊದಲ ಸಲ ಗೆದ್ದರು. 2012ರಲ್ಲಿ ಮುನಿದು ಕರ್ನಾಟಕ ಜನತಾ ಪಕ್ಷದ ಬಾವುಟ ಹಿಡಿದರು. 2013ರಲ್ಲಿ ಅದರಿಂದಲೇ ಆರಿಸಿಬಂದರು. 2014ರಲ್ಲಿ ಅದನ್ನು ಮಡಚಿಟ್ಟು ಬಿ.ಜೆ.ಪಿ.ಗೆ ಮರಳಿದರು. ಅದೇ ವರ್ಷದ ಉಪಚುನಾವಣೆಯಲ್ಲಿ ಒಬ್ಬ ಮಗ, 2023ರಲ್ಲಿ ಇನ್ನೊಬ್ಬ ಮಗ ಅದೇ ಕ್ಷೇತ್ರದ ಶಾಸಕರಾದರು. ಒಬ್ಬರ ಮುನಿಸಿಗೆ ಬೆಳೆದು, ಅವರ ಸಮಾಧಾನಕ್ಕೆ ಮುಚ್ಚುವುದು ಪಕ್ಷವೋ, ಜಾತ್ರೆಯ ಅಂಗಡಿಯೋ?

"ಜನರೇ ಮತ ಕೊಟ್ಟಿದ್ದಾರಲ್ಲ?" ಎನ್ನುವರು. ನಿಜ. ಜನ ನಿದ್ದೆ ಹೋಗಿಲ್ಲ. 1999ರಲ್ಲಿ ಶಿಕಾರಿಪುರ ಯಡಿಯೂರಪ್ಪನವರನ್ನೇ ಸೋಲಿಸಿತು. 2008ರಲ್ಲಿ ಸೊರಬ ಅಣ್ಣತಮ್ಮಂದಿರಿಬ್ಬರನ್ನೂ ಮನೆಗೆ ಕಳಿಸಿತು. ನಿದ್ದೆ ಹೋಗಿರುವುದು ಪಕ್ಷಗಳ ತಾಲ್ಲೂಕು ಸಮಿತಿಗಳು. ಬಾವುಟ ಕಟ್ಟುವುದು, ಚೀಟಿ ಹಂಚುವುದು ಅವುಗಳ ಪಾಲು. ಹುರಿಯಾಳು ಯಾರೆಂಬ ತೀರ್ಮಾನ ಬೇರೆ ಜಗಲಿಯಲ್ಲಿ.

ಇದರಿಂದ ಬಡವನಿಗೇನು ನಷ್ಟ? ಬಗರ್ ಹುಕುಂ ಸಾಗುವಳಿದಾರನನ್ನು ಕೇಳಿ. ಅವನ ಅರ್ಜಿ ತೀರ್ಮಾನವಾಗುವ ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು. ಶಾಸಕರನ್ನು ಅವರ ಪಕ್ಷವೇ ಪ್ರಶ್ನಿಸಲಾರದಾದರೆ ಆ ರೈತ ಯಾರ ಬಾಗಿಲಿಗೆ ಹೋಗಬೇಕು? ಹಕ್ಕನ್ನು ಕೇಳಬೇಕಾದವನು ಕೃಪೆಯನ್ನು ಬೇಡುತ್ತ ನಿಲ್ಲುತ್ತಾನೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಡೆಯರ ಕೊಳಗದ ಅಳತೆಯನ್ನೇ ಪ್ರಶ್ನಿಸಿ ಜೈಲಿಗೆ ಹೋದರು. ಅವರ ಜೊತೆ ನಿಂತದ್ದು ಸಮಾಜವಾದಿ ಪಕ್ಷ. ಸ್ವತಃ ಲೋಹಿಯಾ ಬಂದು ಬಂಧನಕ್ಕೊಳಗಾದರು. ಪಕ್ಷವೆಂದರೆ ಅದು.

ಆದುದರಿಂದ ನಮ್ಮ ಬೇಡಿಕೆ ಸರಳ. ಎರಡೂ ತಾಲ್ಲೂಕುಗಳಲ್ಲಿ ಪ್ರತಿಯೊಂದು ಪಕ್ಷವೂ, ನಮ್ಮದೂ ಸೇರಿ, ತನ್ನ ಹುರಿಯಾಳನ್ನು ಸದಸ್ಯರ ಗುಪ್ತ ಮತದಿಂದ ಆರಿಸಲಿ. ಚುನಾವಣೆಯ ಲೆಕ್ಕವನ್ನು ಸದಸ್ಯರ ಸಭೆಯಲ್ಲಿ ಓದಲಿ. ಕಾರ್ಯಕರ್ತರೇ, ಮುಂದಿನ ಸಲ ಬಾವುಟ ಹಿಡಿಯುವ ಮುನ್ನ ಈ ಎರಡನ್ನು ಕೇಳಿ. ಕೊಡದಿದ್ದರೆ "ಆಗದು" ಎನ್ನಿ. ಗೇಣಿದಾರ ಒಡೆಯನಿಗೆ ಹೇಳಿದ ಮಾತನ್ನು ಸದಸ್ಯ ನಾಯಕನಿಗೆ ಹೇಳಲಾರನೆ?