ಹತ್ತಿಯ ಎಣ್ಣೆಗೆ ಕನ್ನಡ, ಮನುಷ್ಯನ ಗುಳಿಗೆಗೆ ಇಂಗ್ಲಿಷ್!



ಶಹಾಪುರದ ಗೊಬ್ಬರದಂಗಡಿಗೆ ಹೋಗಿ, ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿ ತೆಗೆದು ನೋಡಿ. ಅದರ ಚೀಟಿ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಔಷಧಿ ಅಂಗಡಿಯಲ್ಲಿ ಫಿಟ್ಸ್ ಗುಳಿಗೆ ಕೇಳಿ. ಅದರ ಮೇಲೆ ಕನ್ನಡದ ಒಂದಕ್ಷರ ಹುಡುಕಿ ಕೊಡಿ! ಗಿಡಕ್ಕೆ ಹೊಡೆಯುವ ವಿಷಕ್ಕೆ ಕನ್ನಡ ಬೇಕು, ಮನುಷ್ಯ ನುಂಗುವ ಮದ್ದಿಗೆ ಬೇಡವೇ?

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಹುಡುಗನಿಗೆ ಫಿಟ್ಸ್ ಇತ್ತು. ಗುಳಿಗೆ ಶುರುವಾದ ಎರಡನೇ ವಾರ ಜ್ವರ, ಕಣ್ಣುರಿ, ಬಾಯಿ ತುಂಬ ಹುಣ್ಣು, ಮೈಮೇಲೆ ಗುಳ್ಳೆ. "ಅಮ್ಮ ಬಂದಾಳ, ಬೇವಿನ ತಪ್ಪಲ ಹಾಸ್ರಿ" ಅಂದರು ಮನೆಯ ಹಿರಿಯರು. ಬೇವೂ ಹಾಸಿದರು, ಗುಳಿಗೆಯನ್ನೂ ತಪ್ಪದೆ ನುಂಗಿಸಿದರು. ಮೂರು ದಿನಕ್ಕೆ ಬೆನ್ನಿನ ಚರ್ಮ ಸುಟ್ಟ ಗಾಯದಂತೆ ಸುಲಿದು ಬಂತು. ಜೀವ ಉಳಿಯಿತು, ದೃಷ್ಟಿ ಅರ್ಧ ಹೋಯಿತು. ಕಂಪನಿಯ ಚೀಟಿಯಲ್ಲಿ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ!

ಈ ಕಾಯಿಲೆಯ ಹೆಸರು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. 1922ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಮೊದಲು ವಿವರಿಸಿದರು. ಚರ್ಮ ಶೇ. 30ಕ್ಕಿಂತ ಹೆಚ್ಚು ಸುಲಿದರೆ ಅದು 'ಟೆನ್'. ಅದು ಬಂದ ಮೂವರಲ್ಲಿ ಒಬ್ಬರು ಸಾಯುವುದುಂಟು. ಫಿಟ್ಸಿನ ಕಾರ್ಬಮಾಜೆಪೈನ್, ಫೆನಿಟಾಯಿನ್, ಸಲ್ಫಾ ಗುಳಿಗೆ, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್ ಇದಕ್ಕೆ ಮುಖ್ಯ ಕಾರಣ. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಾಜೆಪೈನ್‌ನಿಂದ ಹೀಗಾದ 44 ರೋಗಿಗಳನ್ನು ಪರೀಕ್ಷಿಸಿದರು. 44 ಮಂದಿಯಲ್ಲೂ ಒಂದೇ ವಂಶವಾಹಿ! 2009ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲಿ 8ರಲ್ಲಿ 6 ಮಂದಿಗೆ ಅದೇ ಇತ್ತು. ಅಂದರೆ ರಕ್ತ ಪರೀಕ್ಷೆಯಿಂದ ಅಪಾಯವನ್ನು ಮೊದಲೇ ಅರಿಯಬಹುದು. ಸಿಂಗಪುರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಸುರಪುರದಲ್ಲಿ?

ವೈದ್ಯರ ಪತ್ನಿ ಅನುರಾಧಾ ಸಹಾ 1998ರಲ್ಲಿ ಟೆನ್‌ನಿಂದಲೇ ತೀರಿಕೊಂಡರು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂದ ಸುಪ್ರೀಂ ಕೋರ್ಟ್ 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಗಂಡ ಹದಿನೈದು ವರ್ಷ ಬಡಿದಾಡಬೇಕಾಯಿತು. ನಮ್ಮ ಕೂಲಿಯವನು ಯಾವ ಕೋರ್ಟಿಗೆ ಹೋದಾನು?

"ಚೀಟಿಯಲ್ಲಿ ಜಾಗ ಇಲ್ಲ" ಎನ್ನುವವರಿಗೆ ಒಂದು ಮಾತು. ನಾನು ಪ್ರೆಸ್ಸಿನವನು. ಲಗ್ನಪತ್ರಿಕೆಯ ಮೂಲೆಯಲ್ಲಿ ನೂರು ಬಂಧುಗಳ ಹೆಸರು ಕೂರಿಸಿದ್ದೇನೆ. "ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಕಂಡರೆ ಕೂಡಲೇ ವೈದ್ಯರನ್ನು ಕಾಣಿ" – ಇದಕ್ಕೆ ಒಂದು ಸಾಲು ಸಾಕು. ಜಾಗ ಇಲ್ಲದ್ದು ಚೀಟಿಯಲ್ಲಲ್ಲ, ಮನಸ್ಸಿನಲ್ಲಿ! ಔಷಧದ ನಿಯಮ ದೆಹಲಿಯದು. ಅದಕ್ಕೇ ನಮ್ಮ ಸಂಸದರನ್ನು ಕೇಳಬೇಕು.

ಗುಳಿಗೆಗೆ ಹೆದರಬೇಡಿ. ಲಕ್ಷಾಂತರ ಜನರನ್ನು ಕಾಪಾಡಿದ ಮದ್ದುಗಳಿವು, ಈ ಕಾಯಿಲೆ ಬಲು ಅಪರೂಪ. ಆದರೆ ಹೊಸ ಗುಳಿಗೆ ಶುರುವಾದ ಮೊದಲ ಎಂಟು ವಾರ ಎಚ್ಚರವಿರಲಿ. ಜ್ವರದ ಜೊತೆ ಬಾಯಿಹುಣ್ಣು, ಕಣ್ಣುರಿ, ಗುಳ್ಳೆ ಬಂದರೆ ಮುಂದಿನ ಗುಳಿಗೆ ನುಂಗುವ ಮೊದಲೇ, ಗುಳಿಗೆ ಚೀಟಿ ಸಮೇತ ದೊಡ್ಡಾಸ್ಪತ್ರೆಗೆ ಓಡಿ. ಅಡ್ಡ ಪರಿಣಾಮ ತಿಳಿಸಲು 1800-180-3024 ಉಚಿತ ದೂರವಾಣಿ ಇದೆ. ರೋಗಿಯೇ ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ಅರ್ಜಿಗೆ ಬಂದ ಕನ್ನಡ ಗುಳಿಗೆಗೆ ಏಕೆ ಬಾರದು?

ಬೆಂಗಳೂರಿನಲ್ಲಿ ಓದುವ, ದುಡಿಯುವ ಯಾದಗಿರಿಯ ಹುಡುಗರೇ, ಇವತ್ತೇ ಮನೆಗೆ ಫೋನ್ ಮಾಡಿ. ಅವ್ವ, ಅಪ್ಪ ನುಂಗುವ ಗುಳಿಗೆಯ ಹೆಸರು ಕೇಳಿ, ಅದರ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಕಳಿಸಿ. ಸರ್ಕಾರ ಅಚ್ಚು ಹಾಕಿಸುವ ತನಕ ಆ ಕೆಲಸ ನಿಮ್ಮದು, ನಮ್ಮದು.